ಬೀಗಿತ್ತಿ ಹತ್ತಿದ ಹಡಗು

ನಾಚಾರಂ, ಹೈದರಾಬಾದ್
೧೮ ಫೆಬ್ರವರಿ ೨೦೨೪

ಉಪ್ಪಲ್‌ನ ಬೀಗಿತ್ತಿ ವನಜಾ ಅವರಿಗೆ ಶರಣಬಸಮ್ಮ ಮಾಡುವ ಶರಣು.

ನಿಮ್ಮ ಯಜಮಾನರು ರಾಮಕೃಷ್ಣ ಅವರು ಬೆಳಿಗ್ಗೆ ಸ್ಕೂಟರ್ ಮೇಲೆ ತಂದುಕೊಟ್ಟ ಡಬ್ಬಿ ಮುಟ್ಟಿತು. ಕೋಡುಬಳೆ ಗರಿಗರಿಯಾಗಿದ್ದವು. ಖಾರ ಮಾತ್ರ ನಿಮ್ಮ ಹಾಸನದ ಕಡೆಯದು, ನಮ್ಮ ಯಜಮಾನರು ಚಟ್ನಿಪುಡಿ ಹಚ್ಚಿಕೊಂಡು ತಿಂದರು. ಡಬ್ಬಿ ಖಾಲಿ ಕಳಿಸುವ ರೂಢಿ ನಮ್ಮಲ್ಲೂ ಇಲ್ಲ, ನಿಮ್ಮಲ್ಲೂ ಇಲ್ಲ. ಶೇಂಗಾ ಹೋಳಿಗೆ ಇಟ್ಟಿದ್ದೇನೆ, ತುಪ್ಪ ಹಾಕಿಕೊಂಡು ತಿನ್ನಿ.

ನಿಮ್ಮ ಮಗಳು ನೇತ್ರಾ ಬಸುರಿಯಾಗಿದ್ದಾಗ ಸೀಮಂತದ ಸೀರೆಯ ಬಣ್ಣಕ್ಕೆ ನಾವಿಬ್ಬರೂ ಫೋನಿನಲ್ಲಿ ಕಿತ್ತಾಡಿ ಅವಳನ್ನು ಅಳಿಸಿದ್ದೆವು. ಆವತ್ತು ನನ್ನ ಮಗ ಶಿವಪ್ರಕಾಶ ಇಬ್ಬರಿಗೂ ಕೈಮುಗಿದು ಹೇಳಿದ್ದು ನಿಮಗೂ ನೆನಪಿರಬೇಕು. "ಇನ್ನ ಮ್ಯಾಲೆ ನೀವಿಬ್ಬರೂ ಫೋನ್ ಮಾಡಬ್ಯಾಡ್ರಿ. ಏನರೆ ಹೇಳೂದಿದ್ರ ಬರದು ಡಬ್ಬ್ಯಾಗ ಇಟ್ಟು ಕಳಸ್ರಿ. ಬರಿಯೂದ್ರಾಗ ಅರ್ಧ ಸಿಟ್ಟು ಇಳೀತೈತಿ." ಮೊಮ್ಮಗ ಸಮರ್ಥ್ ಹುಟ್ಟಿ ಶಾಲೆಗೆ ಹೋಗುವಷ್ಟು ದೊಡ್ಡವನಾದರೂ ನಾವು ಅದರಂತೆ ನಡೆದಿದ್ದೇವೆ. ಇವತ್ತು ಇಳಿಸಬೇಕಾದ ಸಿಟ್ಟೇನೂ ಇಲ್ಲ. ಒಂದು ನಗುವ ಸುದ್ದಿ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಮಣಿಕೊಂಡದಿಂದ ಮಗ ಸೊಸೆ ಬಂದಿದ್ದರು. ಬೇಸಿಗೆಗೆ ಯುರೋಪಿನಲ್ಲಿ ಹಡಗಿನ ಪ್ರವಾಸಕ್ಕೆ ಹೋಗುತ್ತಾರಂತೆ. ಫೋಟೋ ತೋರಿಸಿದರು. ಸಣ್ಣ ಹಡಗು ನೋಡ್ರಿ, ನಮ್ಮ ಅಪಾರ್ಟ್‌ಮೆಂಟಿನ ಒಂದು ಬ್ಲಾಕಿನಷ್ಟೂ ಇಲ್ಲ. ಸಣ್ಣದಾದಷ್ಟೂ ದುಬಾರಿಯಂತೆ! ದೊಡ್ಡ ಹಡಗಿನಲ್ಲಿ ಸಾವಿರಾರು ಜನ, ಇದರಲ್ಲಿ ಒಂದು ಮದುವೆಯ ಪಂಕ್ತಿಯಷ್ಟು ಜನ, ಅದಕ್ಕೇ ಆ ಬೆಲೆ ಅಂತ ಮಗ ವಿವರಿಸಿದ. ಆ ರೊಕ್ಕದಲ್ಲಿ ಒಂದು ಕಾರು ಬರುತ್ತದೆ. ಕಾರು ಹತ್ತು ವರ್ಷ ಓಡುತ್ತದೆ, ಇದು ಹತ್ತು ದಿನಕ್ಕೆ ಮುಗಿಯುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವಂತೆ ಆಯಿತು ಇವರ ಬಾಳು.

ನನ್ನನ್ನೂ ಕರೆದ. "ಅವ್ವಾ, ಒಬ್ಬರ ಕೋಣಿ ಒಂದು ಉಳದೈತಿ. ಬರ್ತಿಯೇನು?" ಅಂದ. "ನನಗ್ಯಾಕೋ ಹಡಗು? ನಾ ಒಲ್ಲೆ. ಬೇಕಾದ್ರ ನಿಮ್ಮ ಅತ್ತಿಯವರನ್ನ ಕರಕೊಂಡು ಹೋಗು" ಅಂದೆ. "ಆತು" ಅಂತ ಹೇಳಿ ಹೋಳಿಗೆ ತಿಂದು ಎದ್ದು ಹೋದ. ಬರುವ ಭಾನುವಾರ ಮತ್ತೆ ಬರುತ್ತಾನೆ, ಮತ್ತೆ ಕೇಳುತ್ತಾನೆ. ಆಗ ನೋಡೋಣ. ನಿಮ್ಮನ್ನೇನಾದರೂ ಕೇಳಿದರೆ ನೀವೂ ಬೇಡವೆಂದೇ ಹೇಳುತ್ತೀರಿ ಅಂತ ನನಗೆ ಗೊತ್ತು. ಈ ವಯಸ್ಸಿನಲ್ಲಿ ನಮಗೆ ಹಡಗು ಯಾತಕ್ಕೆ?

ಇಂತಿ,
ಶರಣಬಸಮ್ಮ


ಉಪ್ಪಲ್
೩ ಮಾರ್ಚ್ ೨೦೨೪

ಶರಣಬಸಮ್ಮನವರಿಗೆ ವನಜಾ ಮಾಡುವ ನಮಸ್ಕಾರಗಳು.

ನಿಮ್ಮ ಹೋಳಿಗೆ ಮೂರೇ ದಿನಕ್ಕೆ ಮುಗಿಯಿತು. ಡಬ್ಬಿಯಲ್ಲಿ ಪುಳಿಯೋಗರೆ ಗೊಜ್ಜು ಇದೆ.

ಹೇಗೆ ಹೇಳಲಿ ತಿಳಿಯುತ್ತಿಲ್ಲ. ನನ್ನನ್ನು ಕೇಳಿದರು. ಶಿವಪ್ರಕಾಶ್ ಫೋನ್ ಮಾಡಿ, "ಅತ್ತೀ, ಹಡಗಿಗೆ ನೀವು ಬರ್ತೀರೇನ್ರಿ? ಅವ್ವ ಒಲ್ಲೆ ಅಂದ್ಲು, ನಿಮ್ಮ ಹೆಸರು ಆಕೀನ ಹೇಳಿದ್ಲು" ಅಂದರು. ಅವರ ಮಾತು ಮುಗಿಯುವ ಮೊದಲೇ ಬರ್ತೀನಿ ಅಂದುಬಿಟ್ಟೆ. ನಮ್ಮ ಯಜಮಾನರು ಪಕ್ಕದಲ್ಲಿ ಕೂತು ಪೇಪರ್ ಓದುತ್ತಿದ್ದರು, ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಅವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿರುವುದರಿಂದ ಅಷ್ಟು ದೂರದ ವಿಮಾನ ಬೇಡವೆಂದು ಡಾಕ್ಟರು ಹೇಳಿದ್ದಾರೆ. "ನೀನು ಹೋಗಿ ಬಾ, ನಾನು ಡಬ್ಬಿ ಸಾಗಿಸಿಕೊಂಡಿರ್ತೀನಿ" ಅಂದರು.

ಅವರು ಜೀವಮಾನವಿಡೀ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ದುಡಿದವರು. ವಿದೇಶಕ್ಕೆ ಹೋಗಬೇಕೆಂದರೆ ಮೇಲಿನಿಂದ ಮೇಲಕ್ಕೆ ಅನುಮತಿ ಬೇಕಿತ್ತು, ಅದರ ತಂಟೆಯೇ ಬೇಡವೆಂದು ನಾವು ಪಾಸ್‌ಪೋರ್ಟನ್ನೇ ಮಾಡಿಸಿರಲಿಲ್ಲ. ಅಕ್ಕಪಕ್ಕದವರು ಸಿಂಗಪುರಕ್ಕೆ ಹೋಗಿ ಬಂದು ಚಾಕೊಲೇಟ್ ಹಂಚಿದಾಗೆಲ್ಲ ನಾನು ನಗುತ್ತಾ ತೆಗೆದುಕೊಂಡಿದ್ದೇನೆ. ಈಗ ಅರವತ್ತೆರಡನೇ ವಯಸ್ಸಿಗೆ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿದೆ. ಫೋಟೋದಲ್ಲಿ ನಾನು ಕಳ್ಳಿಯ ಹಾಗೆ ಕಾಣುತ್ತೇನೆ.

ನಿಮ್ಮದು ದೊಡ್ಡ ಮನಸ್ಸು. ಆ ಹಡಗಿಗೆ ಹತ್ತು ವರ್ಷದೊಳಗಿನ ಮಕ್ಕಳನ್ನು ಹತ್ತಿಸುವುದಿಲ್ಲವಂತೆ. ಹಾಗಾಗಿ ಸಮರ್ಥ್ ನಿಮ್ಮಲ್ಲಿ ಇರುತ್ತಾನೆ.

ಇಂತಿ ನಿಮ್ಮ,
ವನಜಾ


ನಾಚಾರಂ
೧೦ ಮಾರ್ಚ್ ೨೦೨೪

ವನಜಾ ಅವರಿಗೆ,

ಸಂತೋಷ. ಗೊಜ್ಜಿಗೆ ಬೆಲ್ಲ ಹೆಚ್ಚಾಗಿತ್ತು. ಡಬ್ಬಿಯಲ್ಲಿ ಮಜ್ಜಿಗೆ ಮೆಣಸಿನಕಾಯಿ ಇವೆ.

ಶರಣಬಸಮ್ಮ


ನಾಚಾರಂ
೧೪ ಏಪ್ರಿಲ್ ೨೦೨೪

ವನಜಾ ಅವರಿಗೆ ಶರಣು.

ಯುಗಾದಿಗೆ ನೀವು ಕಳಿಸಿದ ಒಬ್ಬಟ್ಟು ಬಂದಿದೆ. ಅವನ್ನು ಇನ್ನೂ ಬಾಯಿಗೆ ಹಾಕಿಲ್ಲ. ಮೊದಲು ಬರೆದು ಮುಗಿಸುತ್ತೇನೆ, ಆಮೇಲೆ ರುಚಿ ಹತ್ತಿದರೆ ತಿನ್ನುತ್ತೇನೆ.

ನನಗೆ ಹೊಟ್ಟೆಕಿಚ್ಚಾಗಿದೆ. ಸುತ್ತು ಬಳಸದೆ ಬರೆದೆ ನೋಡಿ. ಒಂದೂವರೆ ತಿಂಗಳಿಂದ ರೊಟ್ಟಿ ಬಡಿಯುವಾಗಲೂ ನನಗೆ ಹಡಗೇ ಕಾಣುತ್ತದೆ. ನಮ್ಮ ಯಜಮಾನರಿಗೆ ಹೇಳಿದರೆ, "ನೀನ ಒಲ್ಲೆ ಅಂದಿ, ಈಗ ಯಾಕ ಉರಕೊಳ್ತಿ?" ಅನ್ನುತ್ತಾರೆ. ಬಾಟಲಿ ಮುಚ್ಚಳದ ಕಾರ್ಖಾನೆ ನಡೆಸುವ ಅವರಿಗೆ ಸಮುದ್ರವೂ ಒಂದೇ, ನೀರಿನ ಸಂಪೂ ಒಂದೇ.

ಹೌದು, ನಾನೇ ಒಲ್ಲೆ ಅಂದೆ. ನಮ್ಮ ರಾಯಚೂರಿನ ಕಡೆ ಮೊದಲ ಮಾತಿಗೆ ಹೂಂ ಅನ್ನುವವರನ್ನು ನಾನು ಕಂಡಿಲ್ಲ. ಊಟಕ್ಕೆ ಕೂತಾಗ ಎರಡನೇ ಹೋಳಿಗೆ ಬಂದರೆ ತಾಟಿನ ಮೇಲೆ ಅಂಗೈ ಅಡ್ಡ ಹಿಡಿಯುತ್ತೇವೆ. ಬಡಿಸುವವರು ಆ ಕೈ ಸರಿಸಿ ಬಡಿಸುತ್ತಾರೆ. ಕೈ ಸರಿಸದೆ ಮುಂದಕ್ಕೆ ಹೋದವರನ್ನು ಇಡೀ ಮದುವೆ ಮುಗಿಯುವ ತನಕ ಆಡಿಕೊಳ್ಳುತ್ತಾರೆ. ಸೀರೆ ಕೊಟ್ಟರೂ ಹಾಗೆಯೇ, ಚಹಾ ಕೊಟ್ಟರೂ ಹಾಗೆಯೇ. ಎರಡು ಸಲ ಒಲ್ಲೆ ಅನ್ನುವುದು ನಮ್ಮ ಮರ್ಯಾದೆ, ಮೂರನೇ ಸಲ ಕೇಳುವುದು ಅವರ ಮರ್ಯಾದೆ. ಈ ರೀತಿಯಲ್ಲೇ ಬೆಳೆದ ನನ್ನ ಮಗ, ತಾಯಿಯ ಒಂದು ಒಲ್ಲೆ ಕೇಳಿ "ಆತು" ಅಂತ ಎದ್ದು ಹೋದ. ನಾನು ಮುಂದಿನ ಭಾನುವಾರ ಕಾದೆ. ಅದರ ಮುಂದಿನ ಭಾನುವಾರವೂ ಕಾದೆ. ಅಷ್ಟರಲ್ಲಿ ನೀವು ಫೋಟೋ ತೆಗೆಸಿಕೊಂಡಿದ್ದಿರಿ.

ಯುಗಾದಿ ಸಂಜೆ ಮಗ ನನ್ನನ್ನೂ ಯಜಮಾನರನ್ನೂ ಹುಸೇನ್ ಸಾಗರದ ಕೆರೆಗೆ ಕರೆದುಕೊಂಡು ಹೋಗಿ ದೋಣಿ ಹತ್ತಿಸಿದ. "ಅವ್ವಾ, ಇದೂ ಹಡಗಽ" ಅಂತ ನಕ್ಕ. ಬೀಗಿತ್ತಿಗೆ ಸಮುದ್ರ, ಹೆತ್ತ ತಾಯಿಗೆ ಹುಸೇನ್ ಸಾಗರ! ದೋಣಿಯಲ್ಲಿ ಹಿಂದಿ ಹಾಡು ಹಾಕಿ ಕುಣಿಯುತ್ತಿದ್ದರು, ನನಗೆ ಕುರ್ಚಿಯೂ ಸಿಗಲಿಲ್ಲ. ಕೆರೆಯ ನಡುವಿನ ಬುದ್ಧನ ಮೂರ್ತಿಗೆ ಕೈಮುಗಿದು ಬಂದೆ.

ನನಗೆ ಹಡಗಿನ ಊಟ ಬೇಕಿರಲಿಲ್ಲ, ಮೆತ್ತನೆಯ ಹಾಸಿಗೆಯೂ ಬೇಕಿರಲಿಲ್ಲ. ಮದುವೆಯಾದ ಮೇಲೆ ನನ್ನ ಮಗ ನನ್ನ ಜೊತೆ ಒಂದು ಇಡೀ ದಿನ ಕೂತಿಲ್ಲ. ಬರುತ್ತಾನೆ, ಉಣ್ಣುತ್ತಾನೆ, ಫೋನ್ ನೋಡುತ್ತಾನೆ, ಹೋಗುತ್ತಾನೆ. ಹಡಗಿನಿಂದ ಎಲ್ಲಿಗೂ ಎದ್ದು ಹೋಗುವಂತಿಲ್ಲವಲ್ಲ, ಅದು ನನಗೆ ಬೇಕಿತ್ತು. ಅದನ್ನು ನೀವು ತೆಗೆದುಕೊಂಡಿರಿ.

ಹೋಗಿ ಬನ್ನಿ. ಬಂದ ಮೇಲೆ ಒಂದು ಮಾತು ಖರೇ ಹೇಳಿ. ಅಷ್ಟು ರೊಕ್ಕಕ್ಕೆ ಅದು ಬಾಳುತ್ತದೋ ಇಲ್ಲವೋ? ಬಾಳುವುದಿಲ್ಲ ಅಂದರೆ ನನಗೆ ನಿದ್ದೆ ಬಂದೀತು.

ಶರಣಬಸಮ್ಮ


ಉಪ್ಪಲ್
೨೧ ಏಪ್ರಿಲ್ ೨೦೨೪

ಶರಣಬಸಮ್ಮನವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಎರಡು ದಿನ ಯಾರಿಗೂ ತೋರಿಸದೆ ಇಟ್ಟುಕೊಂಡೆ. ಆಮೇಲೆ ನೇತ್ರಾಳನ್ನು ಕೇಳಿದೆ. ವೀಸಾಕ್ಕೆ ಅರ್ಜಿ ಹಾಕುವ ತನಕ ಹೆಸರು ಬದಲಾಯಿಸಬಹುದಂತೆ. ನಿಮ್ಮ ಪಾಸ್‌ಪೋರ್ಟ್ ಇದೆ, ಕಡ್ಡಾಯವಲ್ಲದಿದ್ದರೂ ಕಾಠ್ಮಂಡುವಿಗೆ ಹೋಗುವ ಮುಂಚೆ ಮಾಡಿಸಿದ್ದಿರಿ. ನನ್ನ ಬದಲು ನೀವು ಹೋಗಿ. ಸಮರ್ಥ್ ನನ್ನ ಹತ್ತಿರ ಇರಲಿ.

ಒಬ್ಬಟ್ಟನ್ನು ಹಾಗೇ ಇಟ್ಟಿದ್ದರೆ ಹಳಸಿರುತ್ತದೆ, ಬಿಸಾಡಿಬಿಡಿ. ಬೇರೆ ಮಾಡಿ ಕಳಿಸಿದ್ದೇನೆ.

ವನಜಾ


ನಾಚಾರಂ
೨೩ ಏಪ್ರಿಲ್ ೨೦೨೪

ವನಜಾ ಅವರೇ,

ಛೇ ಛೇ, ಎಂಥ ಮಾತು! ಸಿಟ್ಟಿನಲ್ಲಿ ಏನೋ ಬರೆದೆ. ನಿಮ್ಮ ಟಿಕೆಟ್ ಕಿತ್ತುಕೊಂಡು ಹೋಗುವವಳೇ ನಾನು? ನಾಲ್ಕು ಜನ ಏನಂದಾರು? ನೀವೇ ಹೋಗಿ. ನಾನು ಒಲ್ಲೆ.

ಒಬ್ಬಟ್ಟು ಭಾಳ ಚಲೋ ಆಗಿದ್ದವು. ಹಳೆಯವನ್ನೂ ಬಿಸಾಡಿರಲಿಲ್ಲ, ಬರೆದು ಮುಗಿಸಿದ ದಿನವೇ ತಿಂದಿದ್ದೆ.

ಶರಣಬಸಮ್ಮ


ಉಪ್ಪಲ್
೨೬ ಏಪ್ರಿಲ್ ೨೦೨೪

ಶರಣಬಸಮ್ಮನವರೇ,

ನೀವು ಒಲ್ಲೆ ಎಂದು ಬರೆದಿದ್ದೀರಿ. ನಿಮ್ಮ ಪದ್ಧತಿಯ ಪ್ರಕಾರ ನಾನು ಇನ್ನೊಮ್ಮೆ ಕೇಳಬೇಕು, ಅದೂ ನೀವೇ ಕಲಿಸಿದ ಪಾಠ.

ಕೇಳುವುದಿಲ್ಲ. ಕೇಳಿದರೆ ನೀವು ಹೂಂ ಅಂತೀರಿ. ನನಗೆ ಹೋಗಬೇಕಾಗಿದೆ.

ಬಯ್ಯುವುದಿದ್ದರೆ ಬಯ್ಯಿರಿ. ಡಬ್ಬಿಯಲ್ಲಿ ಏನೂ ವಿಶೇಷವಿಲ್ಲ, ಹಪ್ಪಳ.

ವನಜಾ


ಹಡಗಿನಿಂದ
೨೭ ಮೇ ೨೦೨೪

ಶರಣಬಸಮ್ಮನವರಿಗೆ ನಮಸ್ಕಾರ.

ನನ್ನ ಕೊನೆಯ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಆದರೂ ಹೊರಡುವ ಹಿಂದಿನ ದಿನ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ರವಿಕೆ ಕಣ ಕಳಿಸಿದ್ದಿರಿ. ಡಬ್ಬಿ ನೋಡಿ ನನಗೆ ನಾಚಿಕೆಯಾಯಿತು.

ಇದನ್ನು ಹಡಗಿನದೇ ಕಾಗದದ ಮೇಲೆ ಬರೆಯುತ್ತಿದ್ದೇನೆ, ಬಂದ ಮೇಲೆ ಡಬ್ಬಿಯಲ್ಲಿ ಇಡುತ್ತೇನೆ. ನೀವು ಖರೇ ಹೇಳಿ ಅಂದಿದ್ದಿರಿ, ಕಂಡದ್ದನ್ನು ಹೇಳುತ್ತೇನೆ. ಕೋಣೆ ಚಿಕ್ಕದು, ನಮ್ಮ ದೇವರ ಮನೆ ಮತ್ತು ಅಡುಗೆಮನೆ ಸೇರಿಸಿದಷ್ಟು. ಬಚ್ಚಲಲ್ಲಿ ತಿರುಗಿದರೆ ಮೊಣಕೈ ಗೋಡೆಗೆ ತಾಗುತ್ತದೆ. ಹತ್ತಿದ ದಿನವೇ ಹಡಗಿನ ಕೆಲಸದ ಹುಡುಗರಿಗೆಲ್ಲ ನನ್ನ ಹೆಸರು ಗೊತ್ತಿತ್ತು. ನಾನು ಕಾಫಿಗೆ ಸಕ್ಕರೆ ಎಷ್ಟು ಹಾಕಿಕೊಳ್ಳುತ್ತೇನೆ ಅಂತ ಎರಡನೇ ದಿನ ಯಾರೂ ಕೇಳಲಿಲ್ಲ. ಕೋಣೆಯಿಂದ ಹೊರಗೆ ಕಾಲಿಟ್ಟರೆ ಯಾರೋ ಬಂದು ಹಾಸಿಗೆ ಸರಿ ಮಾಡಿ ಹೋಗುತ್ತಾರೆ. ಮೊದಲ ದಿನ ನಾನೇ ಹೊದಿಕೆ ಮಡಿಸಿಟ್ಟೆ, ಅದನ್ನು ಬಿಚ್ಚಿ ಮತ್ತೆ ಮಡಿಸಿದ್ದರು.

ದೊಡ್ಡ ಹಡಗುಗಳು ಊರಿನಿಂದ ದೂರ ನಿಲ್ಲುತ್ತವೆ. ನಮ್ಮದು ಪುಟ್ಟ ಪುಟ್ಟ ದ್ವೀಪಗಳ ಬಾಗಿಲಿಗೇ ಹೋಗುತ್ತದೆ. ಇವತ್ತು ಬೆಳಿಗ್ಗೆ ಪರದೆ ಸರಿಸಿದೆ, ಎದುರು ಕಲ್ಲಿನ ಮನೆಯಲ್ಲಿ ನನ್ನ ವಯಸ್ಸಿನವಳೊಬ್ಬಳು ಬಟ್ಟೆ ಒಣಗಿಸುತ್ತಿದ್ದಳು. ನನ್ನನ್ನು ನೋಡಿ ಕೈ ಬೀಸಿದಳು. ನಾನೂ ಬೀಸಿದೆ. ಹಡಗಿನ ಹಿಂಭಾಗದಲ್ಲಿ ನೀರಿಗಿಳಿಯುವ ಮೆಟ್ಟಿಲಿದೆ. ಎಲ್ಲರೂ ಈಜುತ್ತಾರೆ, ನಾನು ಸೀರೆ ಎತ್ತಿಕೊಂಡು ಕಾಲು ಇಳಿಬಿಟ್ಟು ಕೂರುತ್ತೇನೆ. ನೀರಿನೊಳಗೆ ನನ್ನ ಕಾಲುಂಗುರ ಕಾಣುತ್ತದೆ.

ನೇತ್ರಾ ಮತ್ತು ಶಿವಪ್ರಕಾಶ್ ಚೆನ್ನಾಗಿದ್ದಾರೆ. ಊಟಕ್ಕೆ ಮೂವರೂ ಒಟ್ಟಿಗೆ ಕೂರುತ್ತೇವೆ. ನಿಮ್ಮ ರೊಟ್ಟಿಯನ್ನು ಅಳಿಯಂದಿರೇ ಹೆಚ್ಚು ತಿಂದರು.

ವನಜಾ


ನಾಚಾರಂ
೨೯ ಮೇ ೨೦೨೪

ವನಜಾ ಅವರಿಗೆ,

ಈ ಕಾಗದವನ್ನು ಯಾವ ವಿಳಾಸಕ್ಕೆ ಹಾಕಲಿ? ಸಮುದ್ರದಲ್ಲಿ ಇರುವವರಿಗೆ ಡಬ್ಬಿ ಹೋಗುವುದಿಲ್ಲ. ನೀವು ಬರುವ ತನಕ ಕಪಾಟಿನಲ್ಲಿ ಇರಲಿ.

ನಿಮ್ಮ ಮೊಮ್ಮಗ ಮೊದಲ ಮೂರು ದಿನ ನನ್ನ ಜೀವ ತಿಂದ. "ಉಪ್ಪಲ್ ಅಜ್ಜಿ ಸಾರು ಬೇಕು, ಉಪ್ಪಲ್ ಅಜ್ಜಿ ಹಾಗೆ ಕಥೆ ಹೇಳು." ನಾನು ಮಾಡಿದ ಸಾರಿಗೆ ಮೂಗು ಮುರಿದ. ಹಡಗು ಹತ್ತಿದವರೂ ನೀವೇ, ನನ್ನ ಮನೆಯಲ್ಲಿ ಮೆರೆಯುವವರೂ ನೀವೇ. ವಿಡಿಯೋ ಕರೆಯಲ್ಲಿ ನಿಮ್ಮನ್ನು ತೋರಿಸಿದರು, ತಂಪು ಕನ್ನಡಕ ಹಾಕಿದ್ದಿರಿ. ಹುಡುಗ ಫೋನಿಗೆ ಮುತ್ತು ಕೊಟ್ಟ. ನಾನು ಒಳಗೆ ಹೋಗಿ ಪಾತ್ರೆ ತಿಕ್ಕಿದೆ.

ಆಮೇಲೆ ಯಜಮಾನರು ಅವನನ್ನು ಕಾರ್ಖಾನೆಗೆ ಕರೆದುಕೊಂಡು ಹೋದರು. ಚೀಲ ತುಂಬ ಬಣ್ಣ ಬಣ್ಣದ ಬಾಟಲಿ ಮುಚ್ಚಳ ತಂದ. ಈಗ ಬಕೆಟ್ಟಿನ ನೀರಿನಲ್ಲಿ ತೇಲಿಬಿಟ್ಟು, ಕೆಂಪು ಮುಚ್ಚಳದಲ್ಲಿ ಅಪ್ಪ ಇದ್ದಾನೆ, ಹಸಿರಿನಲ್ಲಿ ಅಮ್ಮ ಇದ್ದಾಳೆ ಅನ್ನುತ್ತಾನೆ. ನಿನ್ನೆ ಒಂದು 'ಮುಟಗಿ' ಮಾಡಿಕೊಟ್ಟೆ, ಬಿಸಿ ರೊಟ್ಟಿಗೆ ಬೆಳ್ಳುಳ್ಳಿ, ಖಾರ, ಎಣ್ಣೆ ಹಾಕಿ ಮುಷ್ಟಿಯಲ್ಲಿ ಹಿಚುಕಿ. ಮೂಗಲ್ಲಿ ನೀರು ಸುರಿಸುತ್ತಾ "ಇನ್ನೊಂದು ಕೊಡಬೇ" ಅಂದ. ಕೊಡಬೇ! ನಮ್ಮ ಕಡೆಯ ಹುಡುಗರು ಅವ್ವನಿಗೆ ಅನ್ನುವ ಹಾಗೆಯೇ, ಯಾರು ಕಲಿಸಿದರೋ. ರಾತ್ರಿ ನನ್ನ ಸೆರಗು ಹಿಡಿದುಕೊಂಡೇ ಮಲಗಿದ.

ನಿಮಗೆ ಸಿಕ್ಕಿದ್ದು ನಿಮಗೆ, ನನಗೆ ಸಿಕ್ಕಿದ್ದು ನನಗೆ. ಹೀಗಂತ ಬರೆದೆ, ಆದರೂ ಮನಸ್ಸು ಹೂಂ ಅನ್ನುತ್ತಿಲ್ಲ.

ಶರಣಬಸಮ್ಮ


ಉಪ್ಪಲ್
೧೬ ಜೂನ್ ೨೦೨೪

ಶರಣಬಸಮ್ಮನವರೇ,

ನಮ್ಮ ಹುಡುಗನಿಗೆ ಏನು ಮಾಡಿಬಿಟ್ಟಿರಿ?

ವಿಮಾನದಿಂದ ಇಳಿದು ಬಂದವಳು ಅವನಿಗಾಗಿ ತಂದ ಹಡಗಿನ ಆಟಿಕೆ ಕೈಯಲ್ಲಿ ಹಿಡಿದು ನಿಮ್ಮ ಬಾಗಿಲಿಗೆ ಬಂದೆ. ಆಟಿಕೆ ತೆಗೆದುಕೊಂಡ. "ಬಾ, ಉಪ್ಪಲ್‌ಗೆ ಹೋಗೋಣ" ಅಂದರೆ ನಿಮ್ಮ ಹಿಂದೆ ಅವಿತುಕೊಂಡು "ನಾ ಬರಂಗಿಲ್ಲ" ಅಂದ. ನೀವು "ಹೋಗಪ್ಪಾ, ಹೋಗು" ಅಂದಿರಿ, ನಿಜ. ಆದರೆ ನಿಮ್ಮ ಕೈ ಅವನ ತಲೆಯ ಮೇಲೇ ಇತ್ತು. ನಾನು ನೋಡಿದೆ.

ನಿನ್ನೆ ಮಣಿಕೊಂಡಕ್ಕೆ ಹೋಗಿ ತಿಳಿಸಾರು ಮಾಡಿಟ್ಟರೆ "ಇದಕ್ಕೆ ಖಾರ ಇಲ್ಲ" ಅಂತ ತಟ್ಟೆ ಸರಿಸಿದ. ದಸರಾ ರಜೆಗೂ ನಾಚಾರಂಗೇ ಹೋಗುತ್ತಾನಂತೆ. ನೇತ್ರಾ ನಗುತ್ತಾಳೆ. ನನಗೆ ನಗು ಬರಲಿಲ್ಲ, ಬಸ್ಸಿನಲ್ಲಿ ಮನೆಯ ತನಕ ಕಣ್ಣೊರೆಸಿಕೊಂಡು ಬಂದೆ.

ನೀವು ಕೇಳಿದ ಪ್ರಶ್ನೆಗೆ ಉತ್ತರ ಇದು. ಬಾಳುವುದಿಲ್ಲ. ಹಡಗು ಅಷ್ಟು ಬೆಲೆ ಬಾಳುವುದಿಲ್ಲ. ನೀವಿನ್ನು ನಿದ್ದೆ ಮಾಡಬಹುದು.

ವನಜಾ


ನಾಚಾರಂ
೧೦ ಆಗಸ್ಟ್ ೨೦೨೪

ವನಜಾ ಅವರಿಗೆ ಶರಣು.

ನಿನ್ನೆ ಪಂಚಮಿ. ಡಬ್ಬಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಇವೆ.

ಎಂಟು ವಾರ ನಾನು ಬರೆಯಲಿಲ್ಲ. ನಿಮ್ಮ ಉತ್ತರ ಓದಿ ಆವತ್ತು ಖುಷಿಯಾಗಿ ಎರಡು ರೊಟ್ಟಿ ಹೆಚ್ಚು ಉಂಡೆ. ಮರುದಿನ ಖುಷಿ ಇರಲಿಲ್ಲ. ದ್ರಾಕ್ಷಿ ಸಿಗದವರು ಹುಳಿ ಅಂದರೆ ಜನ ನಗುತ್ತಾರೆ. ಹೊಟ್ಟೆ ತುಂಬ ತಿಂದು ಬಂದವರು ಹುಳಿ ಅಂದರೆ ನಾನು ನಂಬಬೇಕೇ? ನೀವು ಹುಡುಗನ ಮೇಲಿನ ಸಂಕಟಕ್ಕೆ ಹಾಗೆ ಬರೆದಿರಿ. ಇಲ್ಲವಾದರೆ ನನ್ನ ಮೇಲೆ ಕನಿಕರಪಟ್ಟು ಬರೆದಿರಿ. ಎರಡೂ ನನಗೆ ಬೇಡ.

ಹಡಗಿನಿಂದ ಬರೆದ ಕಾಗದದಲ್ಲಿ ಊರು, ನೀರು, ಕಾಫಿ ಎಲ್ಲ ಇದೆ, ನನ್ನ ಮಗ ಒಂದು ಸಾಲಿನಲ್ಲಿದ್ದಾನೆ. ಅವನು ಏನು ಮಾತಾಡಿದ, ಯಾವಾಗ ನಕ್ಕ, ನಿಮ್ಮ ಪಕ್ಕದಲ್ಲಿ ಎಷ್ಟು ಹೊತ್ತು ಕೂತ? ಏನೂ ಬರೆದಿಲ್ಲ. ಬಚ್ಚಿಟ್ಟಿದ್ದೀರಿ. ನಾನೂ ಹೆಂಗಸು, ಬಚ್ಚಿಟ್ಟಿದ್ದರ ವಾಸನೆ ನನಗೆ ಬರುತ್ತದೆ. ಬರೆಯಿರಿ, ಉರಿದರೆ ನಾನು ಉರಿಯುತ್ತೇನೆ.

ಶರಣಬಸಮ್ಮ


ಉಪ್ಪಲ್
೧೫ ಸೆಪ್ಟೆಂಬರ್ ೨೦೨೪

ಶರಣಬಸಮ್ಮನವರಿಗೆ ನಮಸ್ಕಾರ.

ಗೌರಿ ಬಾಗಿನ ತಲುಪಿರಬೇಕು. ಇದನ್ನು ಅದರ ಜೊತೆಯೇ ಕಳಿಸಬೇಕಿತ್ತು, ಧೈರ್ಯ ಬರಲಿಲ್ಲ.

ನಾನು ಸುಳ್ಳು ಬರೆದಿದ್ದೆ. ಬಾಳುತ್ತದೆ. ಪ್ರತಿಯೊಂದು ರೂಪಾಯಿಗೂ ಬಾಳುತ್ತದೆ.

ದಿನಾ ಬೆಳಿಗ್ಗೆ ನೇತ್ರಾ ಏಳುವುದು ತಡ. ಶಿವಪ್ರಕಾಶ್ ಮತ್ತು ನಾನು ಹಡಗಿನ ಮುಂಭಾಗದಲ್ಲಿ ಕಾಫಿ ಹಿಡಿದು ಕೂರುತ್ತಿದ್ದೆವು. ಫೋನನ್ನು ಕೋಣೆಯಲ್ಲೇ ಬಿಟ್ಟು ಬರುತ್ತಿದ್ದರು. ಅವರು ಇಷ್ಟು ಮಾತಾಡುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಚಿಕ್ಕಂದಿನಲ್ಲಿ ಕಾಮಾಲೆ ಆಗಿದ್ದಾಗ ನೀವು ನಾಟಿ ಮದ್ದಿಗೆಂದು ರಾಯಚೂರಿನಿಂದ ನಿಮ್ಮ ಹಳ್ಳಿಗೆ ಲಾರಿಯಲ್ಲಿ ಕೂರಿಸಿಕೊಂಡು ಹೋಗಿದ್ದು, ಕಾರ್ಖಾನೆ ಮೊದಲ ವರ್ಷ ನಷ್ಟದಲ್ಲಿದ್ದಾಗ ನೀವೇ ಕೂತು ಮುಚ್ಚಳ ಎಣಿಸಿ ಚೀಲಕ್ಕೆ ತುಂಬಿದ್ದು, ಎಲ್ಲ ಹೇಳಿದರು. ಎರಡು ಮಾತಿಗೊಮ್ಮೆ ಅವ್ವ. ಮೊದಮೊದಲು ಇಷ್ಟವಾಯಿತು. ನಾಲ್ಕನೇ ದಿನಕ್ಕೆ ನನಗೆ ಕಿರಿಕಿರಿಯಾಯಿತು ಅಂದರೆ ನಗಬೇಡಿ. ಟಿಕೆಟ್ ನನ್ನದು, ಕೂತಿರುವವಳು ನಾನು, ಮಾತೆಲ್ಲ ನಿಮ್ಮದು.

ಒಂದು ಬೆಳಿಗ್ಗೆ ಎದುರಿನ ನೀರಿನಲ್ಲಿ ಡಾಲ್ಫಿನ್‌ಗಳು ಎದ್ದವು. ಶಿವಪ್ರಕಾಶ್ ಕಂಬಿಗೆ ಬಾಗಿ ನೋಡುತ್ತಿದ್ದವರು, ಹಿಂದೆ ತಿರುಗದೆಯೇ ಕೈ ಚಾಚಿ ನನ್ನ ಮುಂಗೈ ಹಿಡಿದು ಎಳೆದರು. "ಅವ್ವಾ, ಬಾ ಇಲ್ಲಿ, ನೋಡಿಲ್ಲಿ, ಲಗೂನ ಬಾ!" ಅಂತ ಕೂಗಿದರು. ನಾನು ತಟ್ಟನೆ ಎದ್ದೆ. ಪಕ್ಕಕ್ಕೆ ಹೋಗಿ ನಿಂತೆ. ಆಮೇಲೆ ತಿರುಗಿ ನೋಡಿದರು.

ಅವರ ಮುಖ ಹೇಗಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ. ಕೈ ಬಿಟ್ಟರು. "ಅತ್ತೀ... ನೋಡ್ರಿ, ಅಲ್ಲಿ ನೋಡ್ರಿ" ಅಂದರು. ತುಂಬ ಮರ್ಯಾದೆಯಿಂದ ಅಂದರು.

ನನಗೆ ಗಂಡುಮಕ್ಕಳಿಲ್ಲ. ಮಗನೊಬ್ಬ ಹಾಗೆ ಕೈ ಹಿಡಿದೆಳೆದು ಕೂಗಿದರೆ ಹೇಗಿರುತ್ತದೆ ಅಂತ ತಿಳಿಯುವ ಒಂದು ಗಳಿಗೆ ನನಗೆ ಸಿಕ್ಕಿತು. ಆ ಗಳಿಗೆ ನಿಮ್ಮದು. ಅದಕ್ಕೇ ಬಚ್ಚಿಟ್ಟಿದ್ದೆ, ಕೊಡಲು ಮನಸ್ಸಿರಲಿಲ್ಲ. ನಿಮಗಷ್ಟೇ ಹೊಟ್ಟೆಕಿಚ್ಚು ಅಂದುಕೊಂಡಿದ್ದಿರೇ? ಆ ದಿನದಿಂದ ಇವತ್ತಿನ ತನಕ ನನಗೆ ನಿಮ್ಮ ಮೇಲೆ ಅದೇ.

ವನಜಾ


ನಾಚಾರಂ
೧೦ ನವೆಂಬರ್ ೨೦೨೪

ವನಜಾ ಅವರಿಗೆ ಶರಣಬಸಮ್ಮ ಮಾಡುವ ಶರಣು ಶರಣಾರ್ಥಿ.

ನಿಮ್ಮ ಕಾಗದವನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ. ಅವರು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ನಾನು ಅತ್ತೆ. ನಿಮ್ಮ ಮೇಲೆ ಸಿಟ್ಟಿನಿಂದಲೂ ಅತ್ತೆ. ಆ ಡಾಲ್ಫಿನ್ ನೋಡಬೇಕಾದವಳು ನಾನು.

ದೀಪಾವಳಿ ಮುಗಿದ ಮೇಲೆ ಮಗನಿಗೆ ನಾನೇ ಫೋನ್ ಮಾಡಿದೆ. ಆಫೀಸಿನಲ್ಲಿದ್ದ, ಗಾಬರಿಯಾದ. "ಅಪ್ಪಾಜಿ ಆರಾಮ ಅದಾರಿಲ್ಲೋ?" ಅಂದ. "ಆರಾಮ ಅದಾರ. ನನ್ನೂ ಹಡಗಿಗೆ ಕರಕೊಂಡು ಹೋಗು" ಅಂದೆ. "ಅವ್ವಾ, ನೀ ಒಲ್ಲೆ ಅಂದಿದ್ದಿ" ಅಂದ. "ಅಂದಿದ್ದೆ. ಈಗ ಬೇಕು ಅನ್ನಾಕತ್ತೀನಿ. ನಿನ್ನ ಜೋಡಿ ಹೋಗಬೇಕು." ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಹೆತ್ತ ಮಗನ ಹತ್ತಿರವೂ ಬಾಯಿಬಿಟ್ಟು ಇದು ಬೇಕು ಅಂತ ನಾನು ಕೇಳಿದ್ದಿಲ್ಲ.

"ಮುಂದಿನ ಬ್ಯಾಸಗಿಗೆ ಅಷ್ಟು ದೊಡ್ಡ ಖರ್ಚು ಆಗಂಗಿಲ್ಲವ್ವಾ. ಕೊಚ್ಚಿ ಕಡಿಂದ ಒಂದು ಸಣ್ಣ ಪ್ರವಾಸ ಮಾಡೂಣು. ಇಲ್ಲಾ ಅಂದ್ರ ಎರಡು ವರ್ಷ ತಡಿ, ಅದೇ ಹಡಗಿಗೆ ಹೋಗೂಣು" ಅಂದ. ನಾನು ವಿಚಾರ ಮಾಡಲೇ ಇಲ್ಲ. "ಅದೇ ಹಡಗು" ಅಂದೆ. ನೀವು ಕೂತ ಜಾಗದಲ್ಲೇ ನಾನೂ ಕೂರಬೇಕು. ಮಗ ನಕ್ಕ. ಆಮೇಲೆ ಅವನ ದನಿ ಬದಲಾಯಿತು. "ನಾ ಇನ್ನೊಮ್ಮೆ ಕೇಳಬೇಕಿತ್ತಲ್ಲವ್ವಾ" ಅಂದ. ನಾನು ಫೋನ್ ಇಟ್ಟೆ.

ಇನ್ನು ನಿಮ್ಮ ಪಾಲಿನ ಮಾತು. ಎರಡು ವರ್ಷಕ್ಕೂ ಸಮರ್ಥನಿಗೆ ಹತ್ತು ತುಂಬಿರುವುದಿಲ್ಲ. ಅವನು ನಿಮ್ಮ ಹತ್ತಿರ ಇರಬೇಕಾಗುತ್ತದೆ. ಫೋನ್ ಇಟ್ಟ ಮೇಲೆ ಇದನ್ನು ನಾನು ಚೆನ್ನಾಗಿ ತೂಗಿ ನೋಡಿದ್ದೇನೆ. ನೀವು ಅವನಿಗೆ ಸಿಹಿ ಸಾರು ಹಾಕಿ, ಕಥೆ ಹೇಳಿ, ಪಕ್ಕದಲ್ಲಿ ಮಲಗಿಸಿಕೊಳ್ಳುತ್ತೀರಿ. ನಾನು ತಿರುಗಿ ಬಂದಾಗ ಅವನು ನಿಮ್ಮ ಹಿಂದೆ ಅವಿತುಕೊಂಡು ಬರುವುದಿಲ್ಲ ಅನ್ನುತ್ತಾನೆ. ನಿಮ್ಮ ಕೈ ಅವನ ತಲೆಯ ಮೇಲೆ ಇರುತ್ತದೆ, ನಾನು ಇಟ್ಟಿದ್ದೆನಲ್ಲ ಹಾಗೆಯೇ. ರೊಕ್ಕ ಮಗ ಕೊಡುತ್ತಾನೆ. ಈ ಬೆಲೆ ಮಾತ್ರ ನಾನು ಕೊಡಬೇಕು, ನೀವು ಕೊಟ್ಟ ಹಾಗೆ. ನೆನೆಸಿಕೊಂಡರೆ ಈಗಲೇ ಹೊಟ್ಟೆ ಉರಿಯುತ್ತದೆ.

ಆದರೂ ಹೋಗುತ್ತೇನೆ. ಅವನು ಅವ್ವಾ ಅಂತ ಕೂಗಿ ಹಿಂದೆ ತಿರುಗಿದರೆ ಅಲ್ಲಿ ನಾನು ಇರಬೇಕು.

ನಿಮ್ಮ ಬೀಗಿತ್ತಿ,
ಶರಣಬಸಮ್ಮ